ಆಫ್ ಮಾಡಿ ಆನ್ ಮಾಡಿ ಎನ್ನುವವರಿಗೆ

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ವೈರ್‌ಲೆಸ್ ಟಚ್‌ಪ್ಯಾಡ್ ಕೈಕೊಟ್ಟಿತು ಎಂದು ಯಾರ ಮುಂದಾದರೂ ಹೇಳಿ ನೋಡಿ. ಮೊದಲು ಬರುವ ಮಾತು, ‘ರೀಸ್ಟಾರ್ಟ್ ಮಾಡಿದ್ರಾ?’ ಮಾಡಿದೆ, ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ ಎಂದರೆ, ‘ಹಂಗಾದ್ರೆ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬಿಡಿ, ಇಲ್ಲಾಂದ್ರೆ ಬೇರೆ ಡಿಸ್ಟ್ರೋ ನೋಡಿ.’ ಅದಕ್ಕೂ ಬಗ್ಗದಿದ್ದರೆ ಕೊನೆಯ ತೀರ್ಪು: ‘ಲಿನಕ್ಸ್ ಅಂದ್ರೆ ಹಿಂಗೇ ಸಾರ್. ಇಂಥ ಸಾಮಾನೆಲ್ಲ ಅದಕ್ಕೆ ಒಗ್ಗೋದಿಲ್ಲ. ಒಂದು ವೈರ್ ಇರೋ ಮೌಸ್ ತಗೊಳ್ಳಿ, ನೆಮ್ಮದಿ.’

ಹೀಗೆ ಹೇಳುವವರು ಕಂಪ್ಯೂಟರ್ ಗೊತ್ತಿಲ್ಲದವರಲ್ಲ. ಬಹುಪಾಲು ಬಲ್ಲವರೇ, ನಾಲ್ಕು ಜನ ಸಲಹೆ ಕೇಳಲು ಹುಡುಕಿಕೊಂಡು ಹೋಗುವಂಥವರೇ. ನನ್ನ ತಕರಾರು ಇರುವುದೂ ಅವರ ಮೇಲೆಯೇ. ಮೂರು ಮಾತುಗಳೂ ಬೇರೆ ಬೇರೆ ಸಲಹೆಯಂತೆ ಕಂಡರೂ ಅವುಗಳ ಬೇರು ಒಂದೇ: ಟಚ್‌ಪ್ಯಾಡ್ ಯಾಕೆ ನಿಂತಿತು ಎಂದು ತಿಳಿಯಲು ಬರುವುದಿಲ್ಲ, ಬಂದರೂ ಆ ತಲೆನೋವು ಬೇಡ ಎಂಬ ನಂಬಿಕೆ. ಇದು ತಪ್ಪು. ಈ ಕಾರಣವನ್ನು ಹುಡುಕಲು ಲಿನಕ್ಸ್‌ನಷ್ಟು ಸಲೀಸಾದ ಜಾಗ ಬೇರೊಂದಿಲ್ಲ. ಆ ಹುಡುಕಾಟಕ್ಕೆ ಮೊದಲು ಅಡ್ಡ ಬರುವುದು, ಎಲ್ಲರೂ ಒಕ್ಕೊರಲಿನಿಂದ ಹೇಳುವ ಆ ರೀಸ್ಟಾರ್ಟ್.

ಮಾತು ಗಾಳಿಯಲ್ಲಿ ತೇಲದಿರಲಿ, ಒಂದು ನಿಜವಾದ ಸಾಮಾನನ್ನೇ ಮುಂದಿಟ್ಟುಕೊಳ್ಳೋಣ. ಲಾಜಿಟೆಕ್‌ನ ಟಿ650 ಎಂಬ ಟಚ್‌ಪ್ಯಾಡ್ 2012ರಲ್ಲಿ, ವಿಂಡೋಸ್ 8 ಬಂದ ಹೊತ್ತಿಗೆ ಬಂದದ್ದು. ಮೇಲೆ ಗಾಜಿನ ಹಾಳೆ, ಒಳಗೆ ಚಾರ್ಜ್ ಆಗುವ ಬ್ಯಾಟರಿ, ಕಂಪ್ಯೂಟರಿಗೆ ಚುಚ್ಚಲು ಉಗುರಿನಷ್ಟು ದೊಡ್ಡ ಡಾಂಗಲ್. ಕಂಪನಿ ಅದಕ್ಕೆ ಇಟ್ಟ ಹೆಸರು ಯೂನಿಫೈಯಿಂಗ್ ರಿಸೀವರ್. ಒಂದೇ ಡಾಂಗಲ್‌ಗೆ ಆರು ಸಾಧನಗಳವರೆಗೆ ಜೋಡಿಸಬಹುದು, ಮಾತುಕತೆಯೆಲ್ಲ 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ. ಹಳೆಯದಾದರೂ ಅದನ್ನೇ ನೆಚ್ಚಿಕೊಂಡವರು ಇದ್ದಾರೆ. ಡೆಸ್ಕ್‌ಟಾಪ್‌ಗೆಂದೇ ಮಾಡಿದ ಬಿಡಿ ಟಚ್‌ಪ್ಯಾಡ್‌ಗಳು ಮೊದಲಿನಿಂದಲೂ ಬೆರಳೆಣಿಕೆಯಷ್ಟು.

ಇದರ ಮೇಲೆ ಬೆರಳು ಎಳೆದರೆ ಏನಾಗುತ್ತದೆ? ಗಾಜಿನ ಕೆಳಗಿನ ಸೆನ್ಸರ್ ಬೆರಳಿನ ಜಾಗವನ್ನು ಅಳೆಯುತ್ತದೆ. ರೇಡಿಯೋ ಅದನ್ನು ಡಾಂಗಲ್‌ಗೆ ಮುಟ್ಟಿಸುತ್ತದೆ. ಡಾಂಗಲ್ ಯುಎಸ್‌ಬಿ ಮೂಲಕ ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್‌ನೊಳಗೆ ಎರಡು ಡ್ರೈವರ್‌ಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಡಾಂಗಲ್‌ನ ಮಾತು ಬಿಡಿಸಿ ಯಾವುದು ಯಾವ ಸಾಧನದ್ದು ಎಂದು ಹಂಚುವುದು ಒಂದು, ಟಚ್‌ಪ್ಯಾಡ್‌ನ ಭಾಷೆ ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಅಲ್ಲಿಂದ ಅದು ‘ಡೆವ್ ಇನ್‌ಪುಟ್’ ಎಂಬ ಡೈರೆಕ್ಟರಿಯಲ್ಲಿ ಒಂದು ಫೈಲಿನ ರೂಪದಲ್ಲಿ ಹೊರಬರುತ್ತದೆ. ಆ ಫೈಲನ್ನು ಲಿಬ್‌ಇನ್‌ಪುಟ್ ಎಂಬ ಲೈಬ್ರರಿ ಓದಿ, ಇದು ಪಾಯಿಂಟರ್ ಚಲನೆಯೋ, ಎರಡು ಬೆರಳಿನ ಸ್ಕ್ರಾಲೋ, ತಟ್ಟಿದ್ದೋ ಎಂದು ತೀರ್ಮಾನಿಸುತ್ತದೆ. ಕೊನೆಗೆ ಗ್ನೋಮ್ ಅಥವಾ ಕೆಡಿಇಯಂಥ ಡೆಸ್ಕ್‌ಟಾಪ್ ಪರದೆಯ ಮೇಲೆ ಬಾಣವನ್ನು ಸರಿಸುತ್ತದೆ.

ಈ ಇಡೀ ದಾರಿಯಲ್ಲಿ ಪ್ರತಿ ಗಂಟೂ ತೆರೆದಿದೆ. ಎಲ್ಲಿ ಬೇಕಾದರೂ ನಿಂತು, ಇಲ್ಲಿಯವರೆಗೆ ಸುದ್ದಿ ಬಂತೋ ಇಲ್ಲವೋ ಎಂದು ಕೇಳಬಹುದು. ಯುಎಸ್‌ಬಿಯಲ್ಲಿ ಏನೇನು ಚುಚ್ಚಿದೆ ಎಂದು ಪಟ್ಟಿ ಕೊಡುವ ಕಮ್ಯಾಂಡ್ ಇದೆ. ಕರ್ನಲ್ ಏನು ಗೊಣಗಿತು ಎಂದು ಗಂಟೆ ನಿಮಿಷದೊಂದಿಗೆ ತೋರಿಸುವ ಜರ್ನಲ್ ಇದೆ. ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ ಗಾಜಿನ ಮೇಲೆ ಬೆರಳಿಟ್ಟರೆ ಅಡ್ಡ ಅಳತೆ, ಉದ್ದ ಅಳತೆ, ಎಷ್ಟನೆಯ ಬೆರಳು ಎಂಬ ಅಂಕಿಗಳು ಟರ್ಮಿನಲ್‌ನಲ್ಲಿ ಸುರಿಯತೊಡಗುತ್ತವೆ. ಬೆರಳು ಎತ್ತಿದರೆ ಮಳೆ ನಿಂತಹಾಗೆ ನಿಲ್ಲುತ್ತವೆ. ಲಿಬ್‌ಇನ್‌ಪುಟ್‌ಗೂ ಇಂಥದೇ ಒಂದು ಉಪಕರಣವಿದೆ. ಇವಿಟೆಸ್ಟ್‌ನಲ್ಲಿ ಅಂಕಿ ಸುರಿಯುತ್ತಿದ್ದು ಪರದೆಯ ಬಾಣ ಮಾತ್ರ ಅಲುಗದಿದ್ದರೆ ತಿಳಿಯಿರಿ: ಬ್ಯಾಟರಿ, ರೇಡಿಯೋ, ಡಾಂಗಲ್, ಪೋರ್ಟ್, ಕರ್ನಲ್ ಐದೂ ನಿರಪರಾಧಿಗಳು. ತಪ್ಪು ಮೇಲಿನ ಅಂತಸ್ತಿನಲ್ಲಿದೆ. ಅಂಕಿಯೇ ಬಾರದಿದ್ದರೆ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಕೆದಕುವುದು ದಂಡ, ಕೆಳಗಿಳಿಯಬೇಕು. ಒಂದೇ ಪ್ರಶ್ನೆಗೆ ಅರ್ಧ ದಾರಿ ಕಡಿಮೆಯಾಯಿತು.

ಈಗ ರೀಸ್ಟಾರ್ಟ್ ಪಕ್ಷದವರ ಬಲವಾದ ವಾದಕ್ಕೆ ಬರೋಣ: ‘ಅದೆಲ್ಲ ಸರಿ, ಆದರೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಲ್ಲ!’ ಹೌದು, ಹಲವು ಸಲ ಸರಿಹೋಗುತ್ತದೆ. ಆದರೆ ಯಾಕೆ ಸರಿಹೋಯಿತು ಎಂದು ಅವರು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ.

ಟಿ650ಯ ಡಾಂಗಲ್ ಡೆಸ್ಕ್‌ಟಾಪಿನ ಹಿಂಭಾಗದಲ್ಲಿದೆ ಎಂದಿಟ್ಟುಕೊಳ್ಳಿ. ಅದರ ಪಕ್ಕದ ನೀಲಿ ಪೋರ್ಟಿನಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆ ಓಟದಿಂದ ಏಳುವ ರೇಡಿಯೋ ಗದ್ದಲದಲ್ಲಿ 2.4 ಗಿಗಾಹರ್ಟ್ಸ್‌ನ ಪಟ್ಟಿಯೂ ಸೇರಿದೆ, ಅಂದರೆ ಟಚ್‌ಪ್ಯಾಡ್ ಮಾತಾಡುವ ಪಟ್ಟಿಯೇ. ಇದು ಯಾರೋ ಕಟ್ಟಿದ ಕತೆಯಲ್ಲ. 2012ರ ಏಪ್ರಿಲ್‌ನಲ್ಲಿ ಇಂಟೆಲ್ ಕಂಪನಿಯೇ ಈ ಬಗ್ಗೆ ವಿವರವಾದ ತಾಂತ್ರಿಕ ಪ್ರಬಂಧ ಹೊರತಂದಿತು. ಗದ್ದಲ ಪೋರ್ಟಿನಿಂದಲೂ ಹೊರಡುತ್ತದೆ, ಕೇಬಲಿನಿಂದಲೂ, ಚುಚ್ಚಿದ ಡಿಸ್ಕಿನಿಂದಲೂ. ತಡೆಯಬೇಕಾದರೆ ಸರಿಯಾದ ಲೋಹದ ಹೊದಿಕೆ ಬೇಕು, ರೇಡಿಯೋ ಡಾಂಗಲ್ ದೂರವಿರಬೇಕು ಎಂದು ಅದರ ಸಾರ. ಡಿಸ್ಕಿಗೆ ಫೈಲ್ ಕಾಪಿ ಶುರುವಾಗುತ್ತದೆ, ಬಾಣ ತಡವರಿಸುತ್ತದೆ, ನಿಲ್ಲುತ್ತದೆ. ಯಜಮಾನರು ಸಿಟ್ಟಿನಿಂದ ರೀಸ್ಟಾರ್ಟ್ ಮಾಡುತ್ತಾರೆ. ಕಂಪ್ಯೂಟರ್ ಎದ್ದಾಗ ಟಚ್‌ಪ್ಯಾಡ್ ಹೂವಿನ ಹಾಗೆ ಓಡುತ್ತದೆ. ಯಾಕೆ? ಕಾಪಿ ನಿಂತಿದೆ! ಗದ್ದಲವೂ ನಿಂತಿದೆ. ರೀಸ್ಟಾರ್ಟ್ ಏನನ್ನೂ ಸರಿಮಾಡಲಿಲ್ಲ, ಅರ್ಧ ಆಗಿದ್ದ ಬ್ಯಾಕಪ್ಪನ್ನು ಕೆಡಿಸಿತು, ಅಷ್ಟೆ. ಮುಂದಿನ ವಾರ ಬ್ಯಾಕಪ್ ಹೊತ್ತಿಗೆ ಮತ್ತೆ ಇದೇ ನಾಟಕ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಎನ್ನುವ ನಮ್ಮ ಜನ, ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಕೊಂಬೆ ಮುರಿದ ಯಶಸ್ಸನ್ನು ಕಾಗೆಗೇ ಕೊಡುತ್ತಾರೆ.

ಇದಕ್ಕೆ ಮದ್ದು ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ಡಾಂಗಲನ್ನು ಹಿಂಭಾಗದಿಂದ ಕಿತ್ತು, ಕೇಬಲಿನ ತುದಿಗೆ ಸಿಕ್ಕಿಸಿ, ಮೇಜಿನ ಮೇಲೆ ಟಚ್‌ಪ್ಯಾಡಿನ ಹತ್ತಿರ ಬಿಟ್ಟರೆ ಮುಗಿಯಿತು. ಇಲ್ಲವೇ ಡಾಂಗಲನ್ನು ಡಿಸ್ಕಿನಿಂದ ದೂರದ ಕಪ್ಪು ಪೋರ್ಟಿಗೆ ಬದಲಿಸಿ. ಇದೇ ಮೇಜಿನಲ್ಲಿ ವಿಂಡೋಸ್ ಇದ್ದಿದ್ದರೂ ಟಚ್‌ಪ್ಯಾಡ್ ಹೀಗೆಯೇ ನಿಲ್ಲುತ್ತಿತ್ತು ಎಂಬುದನ್ನು, ‘ಲಿನಕ್ಸ್ ಅಂದ್ರೆ ಹಿಂಗೇ’ ಎಂದವರು ದಯವಿಟ್ಟು ಬರೆದಿಟ್ಟುಕೊಳ್ಳಲಿ. ರೇಡಿಯೋ ಅಲೆಗಳಿಗೆ ಆಪರೇಟಿಂಗ್ ಸಿಸ್ಟಮ್‌ನ ಹಂಗಿಲ್ಲ.

ರೀಸ್ಟಾರ್ಟ್ ನಿಜವಾಗಿಯೇ ಗುಣಪಡಿಸುವ ಪ್ರಸಂಗಗಳೂ ಉಂಟು. ಅಲ್ಲಿ ಅದು ಮಾಡುವ ಅನ್ಯಾಯ ಇನ್ನೂ ದೊಡ್ಡದು. ಪವರ್‌ಟಾಪ್ ಎಂಬ ಪ್ರೋಗ್ರಾಂ ಇದೆ, 2007ರಲ್ಲಿ ಇಂಟೆಲ್‌ನವರು ಬಿಟ್ಟದ್ದು, ಲ್ಯಾಪ್‌ಟಾಪಿನ ಬ್ಯಾಟರಿ ಉಳಿಸುವುದು ಅದರ ಉದ್ದೇಶ. ಅದರ ಒಂದು ಪುಟದಲ್ಲಿ ಪ್ರತಿ ಸಾಧನದ ಮುಂದೆ ‘ಗುಡ್’ ಅಥವಾ ‘ಬ್ಯಾಡ್’ ಎಂದು ಬರುತ್ತದೆ. ನೋಡಿದವರಿಗೆ ತಡೆದುಕೊಳ್ಳಲಾಗುವುದಿಲ್ಲ, ಎಲ್ಲ ‘ಬ್ಯಾಡ್’ಗಳನ್ನೂ ‘ಗುಡ್’ ಮಾಡಿಬಿಡುತ್ತಾರೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಸೌಲಭ್ಯವೂ ಇದೆ. ಆದರೆ ಇಲ್ಲಿ ಕೆಟ್ಟದ್ದು ಎಂದರೆ ವಿದ್ಯುತ್ ಉಳಿಸುತ್ತಿಲ್ಲ ಎಂದಷ್ಟೇ ಅರ್ಥ. ಮಾಮೂಲಿನಲ್ಲಿ ಕರ್ನಲ್ ಮೌಸ್, ಕೀಬೋರ್ಡುಗಳ ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವುದಿಲ್ಲ, ಬೇಕೆಂದೇ ಬಿಟ್ಟಿರುತ್ತದೆ. ‘ಗುಡ್’ ಮಾಡಿದೊಡನೆ ಡಾಂಗಲ್ ಎರಡು ಸೆಕೆಂಡು ಸುಮ್ಮನಿದ್ದರೆ ಸಾಕು, ತೂಕಡಿಸತೊಡಗುತ್ತದೆ. ಮೊದಲ ಬೆರಳೇಟು ಅದನ್ನು ಎಬ್ಬಿಸುವುದರಲ್ಲೇ ಕಳೆದುಹೋಗುತ್ತದೆ. ಕೆಲವೊಮ್ಮೆ ಏಳುವುದೇ ಇಲ್ಲ. ಗೋಡೆಯ ಕರೆಂಟಿನಲ್ಲಿ ನಡೆಯುವ ಡೆಸ್ಕ್‌ಟಾಪಿಗೆ ಇದರಿಂದ ಆಗುವ ಉಳಿತಾಯವಾದರೂ ಏನು, ದೇವರೇ ಬಲ್ಲ.

ಪವರ್‌ಟಾಪ್ ಮಾಡಿದ ಈ ಬದಲಾವಣೆ ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತದೆ. ಹಾಗಾಗಿ ಇಲ್ಲಿ ರೀಸ್ಟಾರ್ಟ್ ಮದ್ದೇ ಸರಿ. ಆದರೆ ಮದ್ದಿನ ಜೊತೆಗೆ ರೋಗದ ಗುರುತನ್ನೂ ತೊಳೆದುಬಿಟ್ಟಿತು. ನಿಲ್ಲಿಸುವ ಮೊದಲು ಆ ಡಾಂಗಲ್‌ನ ಪವರ್ ಕಂಟ್ರೋಲ್ ಫೈಲನ್ನು ತೆರೆದು ನೋಡಿದ್ದರೆ ಅಲ್ಲಿ ‘ಆಟೋ’ ಎಂದು ಬರೆದಿರುತ್ತಿತ್ತು. ಅದೊಂದು ಪದವೇ ಸಾಕ್ಷಿ. ರೀಸ್ಟಾರ್ಟ್ ಆದಮೇಲೆ ‘ಆನ್’ ಎಂದಿರುತ್ತದೆ, ಏನೂ ನಡೆದೇ ಇಲ್ಲವೇನೋ ಎಂಬಂತೆ. ಒಂದು ವಾರದ ನಂತರ ಮತ್ತೆ ಪವರ್‌ಟಾಪ್ ತೆರೆದು ‘ಬ್ಯಾಡ್’ ಕಂಡು ‘ಗುಡ್’ ಒತ್ತುವವರೂ ಅವರೇ, ಟಚ್‌ಪ್ಯಾಡ್ ಕೆಟ್ಟಿತು ಎಂದು ಲಿನಕ್ಸನ್ನು ಬೈಯುವವರೂ ಅವರೇ.

ಬ್ಯಾಟರಿ ಮುಗಿದದ್ದಕ್ಕೆ ರೀಸ್ಟಾರ್ಟ್ ಮಾಡುವವರ ವಿಷಯ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಸಲಹೆ, ಫಾರ್ಮ್ಯಾಟ್. ಇದು ನಮ್ಮ ಕಂಪ್ಯೂಟರ್ ಅಂಗಡಿಗಳು ಒಂದು ತಲೆಮಾರಿಗೆ ಕಲಿಸಿಕೊಟ್ಟ ಪಾಠ. ವೈರಸ್ ಬಂದರೂ ಫಾರ್ಮ್ಯಾಟ್, ಪ್ರಿಂಟರ್ ಓಡದಿದ್ದರೂ ಫಾರ್ಮ್ಯಾಟ್, ಕನ್ನಡ ಅಕ್ಷರ ಚೌಕ ಚೌಕವಾಗಿ ಕಂಡರೂ ಫಾರ್ಮ್ಯಾಟ್. ವಿಂಡೋಸಿನ ಕಾಲದಲ್ಲಿ ಇದಕ್ಕೆ ಒಂದು ಸಮರ್ಥನೆಯಾದರೂ ಇತ್ತು, ಒಳಗೆ ಏನು ಕೆಟ್ಟಿದೆ ಎಂದು ನೋಡಲು ಅಂಗಡಿಯವನಿಗೆ ಕಿಟಕಿಯೇ ಇರಲಿಲ್ಲ. ಆ ಅಭ್ಯಾಸವನ್ನು ಕಿಟಕಿಗಳೇ ಗೋಡೆಯಾಗಿರುವ ಲಿನಕ್ಸಿಗೂ ಹೊತ್ತು ತಂದಿದ್ದೇವೆ.

ಫಾರ್ಮ್ಯಾಟ್ ಹೇಗೆ ಮೋಸ ಮಾಡುತ್ತದೆ ನೋಡಿ. ಗ್ನೋಮ್‌ನಲ್ಲಿ ಟಚ್‌ಪ್ಯಾಡ್ ಬಂದ್ ಮಾಡುವ ಒಂದು ಸೆಟ್ಟಿಂಗ್ ಇದೆ. ಮೇಜಿನ ಮೇಲೆ ಮೌಸ್ ಕೂಡ ಇರುವವರು ಅದನ್ನು ಗೊತ್ತಿಲ್ಲದೆ ಒತ್ತಿರಬಹುದು, ಕೆಲವು ಕೀಬೋರ್ಡುಗಳಲ್ಲಿ ಟಚ್‌ಪ್ಯಾಡ್ ನಿಲ್ಲಿಸಲೆಂದೇ ಒಂದು ಕೀ ಇರುತ್ತದೆ. ಈ ಸೆಟ್ಟಿಂಗ್ ಒಂದೊಂದು ಟಚ್‌ಪ್ಯಾಡಿಗೆ ಒಂದೊಂದಿಲ್ಲ, ಎಲ್ಲಕ್ಕೂ ಸೇರಿ ಒಂದೇ. ಅದು ಕೂತಿರುವುದು ಬಳಕೆದಾರರ ಹೋಮ್ ಫೋಲ್ಡರಿನ ಒಳಗೆ, ಡಿಕಾನ್ಫ್ ಎಂಬ ಪುಟ್ಟ ಡೇಟಾಬೇಸಿನಲ್ಲಿ. ಈಗ ಬುದ್ಧಿವಂತರೊಬ್ಬರು ಹೋಮ್ ಫೋಲ್ಡರನ್ನು ಜೋಪಾನವಾಗಿ ಉಳಿಸಿಕೊಂಡು ಉಬುಂಟುವನ್ನು ಹೊಸದಾಗಿ ಹಾಕುತ್ತಾರೆ. ಒಂದು ಸಂಜೆ ಹೋಯಿತು. ಲಾಗಿನ್ ಆದರೆ ಟಚ್‌ಪ್ಯಾಡ್ ಅಲುಗುವುದಿಲ್ಲ! ಏಕೆಂದರೆ ಬಂದ್ ಎಂಬ ಆಜ್ಞೆಯನ್ನೂ ಅವರು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಆಗ ರೇಗಿ ಎಲ್ಲವನ್ನೂ ಅಳಿಸಿ ಮಿಂಟ್ ಹಾಕುತ್ತಾರೆ, ಟಚ್‌ಪ್ಯಾಡ್ ಓಡುತ್ತದೆ, ಅಂದಿನಿಂದ ಸಿಕ್ಕವರಿಗೆಲ್ಲ ಉಪದೇಶ: ‘ಉಬುಂಟು ಬೇಡ, ಮಿಂಟ್ ಹಾಕಿ.’ ಡಿಸ್ಟ್ರೋ ಜಗಳಗಳಲ್ಲಿ ಒಂದು ಪಾಲಾದರೂ ಇಂಥ ಮಣ್ಣಿನಲ್ಲೇ ಮೊಳೆತದ್ದು ಎಂಬುದು ನನ್ನ ಬಲವಾದ ಗುಮಾನಿ. ಸೆಟ್ಟಿಂಗ್ ಈಗ ಏನಿದೆ ಎಂದು ಕೇಳುವ ಒಂದು ಸಾಲಿನ ಕಮ್ಯಾಂಡಿಗೆ ‘ಡಿಸೇಬಲ್ಡ್’ ಎಂಬ ಒಂದು ಪದದ ಉತ್ತರ ಸಿಗುತ್ತಿತ್ತು.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡು ಬ್ಲೂಟೂತ್ ಟಚ್‌ಪ್ಯಾಡ್ ಬಳಸುವವರದ್ದು ಇನ್ನೊಂದು ಬಗೆ. ಆಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಆಗಿರಬಹುದು, ಬೇರೆಯದಾಗಿರಬಹುದು. ಬ್ಲೂಟೂತ್‌ನಲ್ಲಿ ಜೋಡಿಸುವಾಗ ಎರಡೂ ಕಡೆ ಒಂದು ಗುಟ್ಟಿನ ಕೀಲಿ ಹುಟ್ಟಿ ಉಳಿದುಕೊಳ್ಳುತ್ತದೆ. ಕಂಪ್ಯೂಟರಿನ ಬ್ಲೂಟೂತ್ ವಿಳಾಸ ಒಂದೇ ಆದ್ದರಿಂದ ಟಚ್‌ಪ್ಯಾಡಿನ ಕಣ್ಣಿಗೆ ಅದು ಒಂದೇ ಯಂತ್ರ. ಲಿನಕ್ಸಿನಲ್ಲಿ ಜೋಡಿಸಿ, ಆಮೇಲೆ ವಿಂಡೋಸಿನಲ್ಲಿ ಮತ್ತೆ ಜೋಡಿಸಿದರೆ ಹಳೆಯ ಕೀಲಿಯ ಜಾಗದಲ್ಲಿ ಹೊಸದು ಕೂರುತ್ತದೆ. ಲಿನಕ್ಸ್ ಹಳೆಯ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ, ಒಳಗೆ ಬಿಡುವವರಿಲ್ಲ. ಇಲ್ಲಿ ರೀಸ್ಟಾರ್ಟ್ ಮಾಡಿ ವಿಂಡೋಸಿಗೆ ಹೋದರೆ ಟಚ್‌ಪ್ಯಾಡ್ ಚೆನ್ನಾಗಿ ಓಡುತ್ತದೆ, ಲಿನಕ್ಸಿಗೆ ಬಂದರೆ ಸತ್ತಿರುತ್ತದೆ. ನೋಡಿದವರ ತೀರ್ಪು ಊಹಿಸಲು ಕಷ್ಟವಿಲ್ಲ. ಎರಡೂ ಕಡೆ ಕೀಲಿ ಒಂದೇ ಇರುವಂತೆ ಮಾಡಿದರೆ ಆಯಿತು. ಯೂನಿಫೈಯಿಂಗ್ ಡಾಂಗಲ್‌ನಲ್ಲಿ ಈ ತಾಪತ್ರಯವೇ ಇಲ್ಲ, ಜೋಡಣೆ ಡಾಂಗಲ್‌ನ ಹೊಟ್ಟೆಯಲ್ಲೇ ಇರುತ್ತದೆ. ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಅದಕ್ಕೆ ಒಂದೇ.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಮದ್ದಿನ ಚೀಟಿ ಹಂಚುವವರು. ‘ಈ ಕಮ್ಯಾಂಡ್ ಹಾಕಿ, ಸರಿಹೋಗುತ್ತೆ.’ ಟಚ್‌ಪ್ಯಾಡ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಪಿಎಸ್‌ಮೌಸ್ ಎಂಬ ಡ್ರೈವರನ್ನು ಇಳಿಸಿ ಮತ್ತೆ ಏರಿಸುವ ಸಾಲೊಂದನ್ನು ಕೈಗೆ ತುರುಕುತ್ತಾರೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದು ಒಳ್ಳೆಯ ಮದ್ದೇ. ಅಲ್ಲಿ ಟಚ್‌ಪ್ಯಾಡ್ ಪಿಎಸ್2 ಎಂಬ ಹಳೆಯ ತಂತಿಯ ಮೇಲೆ ಕೂತಿರುತ್ತದೆ, ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ದಾರಿ ತಪ್ಪುತ್ತದೆ, ಡ್ರೈವರ್ ಮತ್ತೆ ಏರಿಸಿದರೆ ಸರಿಹೋಗುತ್ತದೆ. ಡಾಂಗಲ್‌ನಿಂದ ಬರುವ ರೇಡಿಯೋ ಟಚ್‌ಪ್ಯಾಡಿಗೂ ಪಿಎಸ್‌ಮೌಸ್‌ಗೂ ಯಾವ ಸಂಬಂಧವೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದೇ ಸಾಲಿಗೆ ಸೇರಿದ್ದು, ಗ್ರಬ್ ಎಂಬ ಬೂಟ್‌ಲೋಡರಿನಲ್ಲಿ ಐ8042 ಎಂದು ಶುರುವಾಗುವ ಆಯ್ಕೆಗಳನ್ನು ಸೇರಿಸಿ ಎನ್ನುವ ಸಲಹೆ. ಅದೂ ಪಿಎಸ್2 ಕಂಟ್ರೋಲರಿಗೆ ಸಂಬಂಧಪಟ್ಟದ್ದು. ಟಚ್‌ಪ್ಯಾಡಿಗೆ ಅದು ಮುಟ್ಟುವುದೂ ಇಲ್ಲ, ಆದರೆ ಬೂಟ್ ಸೆಟ್ಟಿಂಗ್ಸ್‌ನಲ್ಲಿ ವರ್ಷಗಟ್ಟಲೆ ಉಳಿದು, ಮುಂದೆ ಬೇರೆ ಯಾವುದೋ ಕೀಬೋರ್ಡ್ ಕೆಟ್ಟಾಗ ಕಾರಣ ಹುಡುಕುವವರ ದಾರಿ ತಪ್ಪಿಸುತ್ತದೆ.

ಮದ್ದುಗಳಿಗೆ ಅವಧಿ ಮುಗಿಯುವುದೂ ಇವರ ಲೆಕ್ಕಕ್ಕಿಲ್ಲ. ಸಿನ್‌ಕ್ಲೈಂಟ್ ಎಂಬ ಕಮ್ಯಾಂಡ್ ಸಿನಾಪ್ಟಿಕ್ಸ್ ಎಂಬ ಹಳೆಯ ಡ್ರೈವರಿನ ಕಾಲದ್ದು, ಪರದೆಯನ್ನು ಎಕ್ಸ್ ಎಂಬ ವ್ಯವಸ್ಥೆ ನಡೆಸುತ್ತಿದ್ದಾಗಿನದು. 2016ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 3.20 ಆ ಡ್ರೈವರಿಗೆ ತನ್ನ ಸೆಟ್ಟಿಂಗ್ಸ್‌ನಲ್ಲಿ ಬೆಂಬಲ ನಿಲ್ಲಿಸಿ ಲಿಬ್‌ಇನ್‌ಪುಟ್‌ಗೆ ವಾಲಿತು. ಆಮೇಲೆ ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂತು. ಫೆಡೋರಾ 2016ರಲ್ಲೇ, ಉಬುಂಟು 2021ರ 21.04ರಲ್ಲಿ ಅದನ್ನು ಮಾಮೂಲಿ ಆಯ್ಕೆ ಮಾಡಿಕೊಂಡವು. ವೇಲ್ಯಾಂಡ್ ಕೆಳಗೆ ಸಿನ್‌ಕ್ಲೈಂಟಿಗೆ ಮಾತಾಡಲು ಎದುರಿಗೆ ಯಾರೂ ಇಲ್ಲ. ಆದರೂ ಚೀಟಿ ಹಂಚುವವರು ಹಂಚುತ್ತಲೇ ಇದ್ದಾರೆ. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಆ ಹಳೆಯ ಸಿನಾಪ್ಟಿಕ್ಸ್ ಡ್ರೈವರನ್ನೇ ಹಾಕಿಸುತ್ತಾರೆ. ಎಕ್ಸ್‌ನಲ್ಲಿರುವವರ ಯಂತ್ರದಲ್ಲಿ ಅದು ಲಿಬ್‌ಇನ್‌ಪುಟನ್ನು ಪಕ್ಕಕ್ಕೆ ತಳ್ಳಿ ತಾನೇ ಟಚ್‌ಪ್ಯಾಡ್ ಹಿಡಿದುಕೊಳ್ಳುತ್ತದೆ, ಅಂದಿನಿಂದ ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಏನು ಬದಲಿಸಿದರೂ ಟಚ್‌ಪ್ಯಾಡಿಗೆ ಕೇಳಿಸುವುದಿಲ್ಲ. ಒಂದಿದ್ದ ತೊಂದರೆ ಎರಡಾಯಿತು.

ಇನ್ನು ಮೂರನೆಯ ತೀರ್ಪು: ಇಂಥ ಸಾಮಾನು ಲಿನಕ್ಸಿಗೆ ಒಗ್ಗೋದಿಲ್ಲ, ಕಂಪನಿಗಳು ಲಿನಕ್ಸಿಗೆ ಏನೂ ಮಾಡಿಕೊಡುವುದಿಲ್ಲ. ಕರ್ನಲ್‌ನ ಮೂಲ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು. ಯೂನಿಫೈಯಿಂಗ್ ಡಾಂಗಲ್‌ನ ಡ್ರೈವರ್ ಫೈಲಿನ ತಲೆಬರಹದಲ್ಲೇ 2011, ಲಾಜಿಟೆಕ್ ಎಂದು ಹಕ್ಕಿನ ಸಾಲು ಇದೆ, ಅದನ್ನು ಬರೆದು ಕೊಟ್ಟದ್ದು ಆ ಕಂಪನಿಯವರೇ. ಅದರ ಮೇಲೆ ಟಿ650ಯಂಥ ಟಚ್‌ಪ್ಯಾಡುಗಳ ಪೂರ್ತಿ ಭಾಷೆ ಬಲ್ಲ ಡ್ರೈವರನ್ನು 2014ರ ಹೊತ್ತಿಗೆ ಕಟ್ಟಿದವರು ರೆಡ್‌ಹ್ಯಾಟ್‌ನ ಬೆಂಜಮಿನ್ ಟಿಸೋಯರ್ಸ್. ಲಿಬ್‌ಇನ್‌ಪುಟ್‌ನ 1.0 ಆವೃತ್ತಿ 2015ರಲ್ಲಿ ಬಂತು, ವರ್ಷಗಳಿಂದ ಅದರ ನೊಗ ಹೊತ್ತವರು ಪೀಟರ್ ಹಟರರ್. ಆಪಲ್‌ನ ಟ್ರ್ಯಾಕ್‌ಪ್ಯಾಡಿಗೆ ಆಪಲ್ ಏನೂ ಬರೆದುಕೊಡಲಿಲ್ಲ, ನಿಜ. ಆದರೆ 2010ರಲ್ಲಿ ಅದು ಮಾರುಕಟ್ಟೆಗೆ ಬಂದ ವರ್ಷವೇ ಹೊರಗಿನವರು ಕರ್ನಲ್‌ಗೆ ಅದರ ಡ್ರೈವರ್ ಸೇರಿಸಿದರು. 2016ರಲ್ಲಿ ಮೌಸ್‌ಜ್ಯಾಕ್ ಎಂಬ ಹೆಸರಿನಲ್ಲಿ ವೈರ್‌ಲೆಸ್ ಡಾಂಗಲ್‌ಗಳ ಭದ್ರತಾ ಲೋಪ ಬಯಲಾದ ಮೇಲೆ, ಲಾಜಿಟೆಕ್ ಡಾಂಗಲ್‌ಗಳ ಫರ್ಮ್‌ವೇರನ್ನು ಲಿನಕ್ಸಿನಿಂದಲೇ ಅಪ್‌ಡೇಟ್ ಮಾಡುವ ವ್ಯವಸ್ಥೆಯೂ ಬಂತು. ಯಾರೂ ಕೇಳುವವರಿಲ್ಲದ ಅನಾಥ ಸಾಮಾನು ಎಂಬ ಮಾತಿಗೆ ಇವುಗಳಲ್ಲಿ ಒಂದೂ ಹೊಂದುವುದಿಲ್ಲ.

‘ನನಗೆ ಕೆಲಸ ಇದೆ ಮಾರಾಯ್ರೇ, ಟಚ್‌ಪ್ಯಾಡ್ ಒಂದು ಸಲಕರಣೆ, ಅದರ ವಂಶಾವಳಿ ಕಟ್ಟಿಕೊಂಡು ನನಗೇನು?’ ಎನ್ನುವವರ ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಹತ್ತು ನಿಮಿಷದಲ್ಲಿ ಮೀಟಿಂಗ್ ಇದ್ದವರು ರೀಸ್ಟಾರ್ಟ್ ಮಾಡಲಿ, ಬೇಡ ಎನ್ನಲು ನಾನು ಯಾರು? ಉಬುಂಟು, ಫೆಡೋರಾಗಳಲ್ಲಿ ಹಿಂದಿನ ಬೂಟಿನ ಕರ್ನಲ್ ಜರ್ನಲ್ ಉಳಿದೇ ಇರುತ್ತದೆ, ಮೀಟಿಂಗ್ ಮುಗಿಸಿ ಬಂದು ತೆರೆಯಬಹುದು. ಟಚ್‌ಪ್ಯಾಡ್ ನಿಂತ ನಿಮಿಷದಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂಬ ಸಾಲು ಇದೆಯೇ ಎಂದು ನೋಡಲು ಪಂಡಿತರಾಗಬೇಕಿಲ್ಲ. ಇದ್ದರೆ ಡಾಂಗಲ್ ಅಥವಾ ಪೋರ್ಟ್ ಸಡಿಲ. ಇಲ್ಲದಿದ್ದರೆ ಡಾಂಗಲ್ ಗಟ್ಟಿಯಾಗಿ ಕೂತಿದೆ, ಅದರಾಚೆ ನೋಡಬೇಕು. ಆದರೆ ಜರ್ನಲ್ ಉಳಿಯುತ್ತದೆ, ಆ ಕ್ಷಣದ ಸ್ಥಿತಿ ಉಳಿಯುವುದಿಲ್ಲ: ಡಾಂಗಲ್ ನಿದ್ದೆಯಲ್ಲಿತ್ತೇ, ಆ ಹೊತ್ತಿನಲ್ಲಿ ಡಿಸ್ಕಿಗೆ ಏನು ಬರೆಯುತ್ತಿತ್ತು, ಇವೆಲ್ಲ ರೀಸ್ಟಾರ್ಟಿನ ಜೊತೆ ಹೋದವು. ಅದಕ್ಕೇ ಹೇಳುವುದು, ಪುರುಸೊತ್ತಿದ್ದರೆ ನಿಂತಿರುವಾಗಲೇ ನೋಡಿ. ಬಾಣ ನಿಂತಿತು ಎಂದರೆ ಯಂತ್ರವೇ ನಿಂತಿತು ಎಂದು ತಿಳಿದು ಪವರ್ ಬಟನ್ ಅದುಮಿ ಹಿಡಿಯುವವರನ್ನು ಕಂಡಿದ್ದೇನೆ. ಕೀಬೋರ್ಡ್ ಬದುಕಿದೆಯಲ್ಲ! ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಒತ್ತಿದರೆ ಟರ್ಮಿನಲ್ ಬರುತ್ತದೆ. ಲಾಜಿಟೆಕ್ ಸಾಧನಗಳಿಗೆ ಸೋಲಾರ್ ಎಂಬ ಉಚಿತ ಪ್ರೋಗ್ರಾಂ ಇದೆ. ಡಾಂಗಲ್‌ಗೆ ಯಾರ‍್ಯಾರು ಜೋಡಿಕೊಂಡಿದ್ದಾರೆ, ಯಾರ ಬ್ಯಾಟರಿ ಎಷ್ಟಿದೆ, ಯಾರು ಈಗ ಸಂಪರ್ಕದಲ್ಲಿಲ್ಲ ಎಂದು ಹೇಳುತ್ತದೆ.

ಹಾಗೆಂದು ಪ್ರತಿಯೊಬ್ಬ ಬಳಕೆದಾರರೂ ಇವಿಟೆಸ್ಟ್ ಕಲಿಯಲಿ ಎಂಬುದು ನನ್ನ ಹಠವಲ್ಲ. ಸಲಹೆ ಕೊಡುವವರು ಕಲಿಯಲಿ. ‘ರೀಸ್ಟಾರ್ಟ್ ಮಾಡಿದ್ರಾ’ ಎನ್ನುವ ಮೊದಲು ‘ಇವಿಟೆಸ್ಟ್‌ನಲ್ಲಿ ಅಂಕಿ ಬರ್ತಿದೆಯಾ’ ಎಂದು ಕೇಳುವಷ್ಟಾದರೂ.

ಕಡೆಯದಾಗಿ ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವವರನ್ನೂ ಬಿಡುವಂತಿಲ್ಲ. ಈ ಮೂಢನಂಬಿಕೆಗೆ ನೀರೆರೆದದ್ದರಲ್ಲಿ ಅವರ ಪಾಲು ಸಣ್ಣದಲ್ಲ. ಗ್ನೋಮ್‌ನಲ್ಲಿ ಟಚ್‌ಪ್ಯಾಡ್ ಸಿಗದಿದ್ದರೆ ಸೆಟ್ಟಿಂಗ್ಸ್‌ನಿಂದ ಆ ಭಾಗವೇ ಮಾಯವಾಗಿಬಿಡುತ್ತದೆ. ನಿನ್ನೆ ಇದ್ದ ಟಚ್‌ಪ್ಯಾಡ್ ಇವತ್ತು ಎಲ್ಲಿ ಹೋಯಿತು ಎಂಬ ಗಾಬರಿಯ ಜೊತೆಗೆ, ಸೆಟ್ಟಿಂಗ್ ಎಲ್ಲಿ ಹೋಯಿತು ಎಂಬ ಗಾಬರಿಯೂ ಸೇರಿಕೊಳ್ಳುತ್ತದೆ. ಕರ್ನಲ್‌ಗೆ ಎಲ್ಲ ಗೊತ್ತು. ಡಾಂಗಲ್ ಪೋರ್ಟಿನಲ್ಲಿದೆಯೇ ಎಂಬುದು ಗೊತ್ತು, ಯುಎಸ್‌ಬಿ ನಿದ್ದೆಯಲ್ಲಿದೆಯೇ ಎಂಬುದೂ ಗೊತ್ತು. ಲಾಜಿಟೆಕ್ ಸಾಧನಗಳ ಬ್ಯಾಟರಿ ಮಟ್ಟವನ್ನೂ, ಸಾಧನ ಸಂಪರ್ಕದಲ್ಲಿದೆಯೋ ಇಲ್ಲವೋ ಎಂಬುದನ್ನೂ ಡ್ರೈವರ್ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಇಷ್ಟನ್ನೂ ಓದಿ, ‘ಡಾಂಗಲ್ ಇದೆ, ಟಚ್‌ಪ್ಯಾಡ್ ಸಂಪರ್ಕದಲ್ಲಿಲ್ಲ, ಕೊನೆಯ ಬಾರಿ ಕಂಡಾಗ ಚಾರ್ಜ್ ಶೇ. 5 ಇತ್ತು’ ಎಂದು ಪರದೆಯ ಮೂಲೆಯಲ್ಲಿ ಒಂದು ಸಾಲು ತೋರಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ. ಮಾಹಿತಿ ಕೆಳಗೆ ಸಿದ್ಧವಾಗಿ ಕೂತಿದೆ. ಮೇಲಿನವರು ಹಿನ್ನೆಲೆಯ ಮಸುಕು, ಮೂಲೆಗಳ ದುಂಡು, ಕಿಟಕಿಗಳ ಹಾರಾಟಗಳಲ್ಲಿ ಕಳೆದ ವರ್ಷಗಳಲ್ಲಿ ಒಂದು ತಿಂಗಳನ್ನು ಈ ಒಂದು ಸಾಲಿಗೆ ಕೊಟ್ಟಿದ್ದರೆ, ಚೀಟಿ ಹಂಚುವವರ ಅಂಗಡಿ ಎಂದೋ ಬಾಗಿಲು ಹಾಕುತ್ತಿತ್ತು.